ನಿಮಗಿದು ಗೊತ್ತೆ? ರಾಜ್ಯಪಕ್ಷಿಗೇ ಗುಂಡು!

ಅಮೆರಿಕದ ಸೌತ್ ಡಕೋಟಾದಲ್ಲಿ ರಾಜ್ಯಪಕ್ಷಿಯನ್ನು ಕೊಂದರೆ ಜೈಲಿಲ್ಲ. ಲೈಸೆನ್ಸ್ ಇದ್ದರೆ ಸಾಕು, ಹೊಡೆದು ಸಾರು ಮಾಡಿಕೊಳ್ಳಬಹುದು!

ಆ ಹಕ್ಕಿಯ ಹೆಸರು ಫೆಸೆಂಟ್. ನಮ್ಮ ಕಾಡುಕೋಳಿ, ನವಿಲುಗಳ ಬಳಗದ್ದು. ಹುಂಜದ ಕೊರಳಿಗೆ ಬಿಳಿ ಪಟ್ಟಿ, ಹಿಂದೆ ಉದ್ದನೆಯ ಬಾಲ. ಇನ್ನೂ ತಮಾಷೆಯೆಂದರೆ ಅದು ಅಮೆರಿಕದ ಹಕ್ಕಿಯೇ ಅಲ್ಲ. 1880ರ ದಶಕದ ಆರಂಭದಲ್ಲಿ, ಶಾಂಘೈನಲ್ಲಿ ಅಮೆರಿಕದ ಕಾನ್ಸಲ್ ಜನರಲ್ ಆಗಿದ್ದ ಓವನ್ ಡೆನ್ನಿ ಚೀನಾದ ಫೆಸೆಂಟ್‌ಗಳನ್ನು ಹಡಗಿನಲ್ಲಿ ಒರೆಗಾನ್‌ಗೆ ಕಳಿಸಿದರು. ಮುಂದೆ ಸೌತ್ ಡಕೋಟಾದ ಹೊಲಗಳಿಗೂ ಈ ಹಕ್ಕಿಯನ್ನು ತಂದು ಬಿಟ್ಟರು. ಅಲ್ಲಿ ಅದರ ಸಂತತಿ ಹೇಗೆ ಬೆಳೆಯಿತೆಂದರೆ, 1919ರಲ್ಲಿ ಮೊದಲ ಬೇಟೆಗೆ ಅನುಮತಿ ಸಿಕ್ಕಿತು. ಅದೂ ಸ್ಪಿಂಕ್ ಎಂಬ ಒಂದೇ ಕೌಂಟಿಯಲ್ಲಿ, ಒಂದೇ ದಿನ. 1943ರಲ್ಲಿ ಈ ವಲಸಿಗನಿಗೆ ರಾಜ್ಯಪಕ್ಷಿಯ ಪಟ್ಟ!

ಗುಂಡು ಹುಂಜಗಳಿಗೆ ಮಾತ್ರ. ಹೇಂಟೆಗಳನ್ನು ಮುಟ್ಟುವಂತಿಲ್ಲ. ಒಂದು ಹುಂಜ ಹಲವು ಹೇಂಟೆಗಳೊಡನೆ ಕೂಡುವುದರಿಂದ ಕೆಲವು ಹುಂಜಗಳು ಹೋದರೂ ಸಂತತಿಗೆ ಧಕ್ಕೆಯಿಲ್ಲ. ಒಬ್ಬರಿಗೆ ದಿನಕ್ಕೆ ಮೂರೇ ಹುಂಜ. ಕೊಂದದ್ದು ಹುಂಜವೇ ಎಂಬುದಕ್ಕೆ ಸಾಕ್ಷಿ ಬೇಡವೇ? ಮಾಂಸ ಶುಚಿ ಮಾಡಿ ಸಾಗಿಸುವಾಗಲೂ ತಲೆಯನ್ನೋ ಕಾಲನ್ನೋ ಬಣ್ಣದ ಪುಕ್ಕವನ್ನೋ ಹಾಗೆಯೇ ಉಳಿಸಿಕೊಂಡಿರಬೇಕು.

ಸಾರ್ವಜನಿಕರ ಬೇಟೆ ಶುರುವಾಗುವುದು ಅಕ್ಟೋಬರ್‌ನ ಮೂರನೇ ಶನಿವಾರ. ಅಷ್ಟು ದಿನ ಕಾಯಲಾರದವರು ಹಣ ತೆತ್ತು ಖಾಸಗಿ ಬೇಟೆತಾಣಗಳಿಗೆ ಹೋಗುತ್ತಾರೆ. ಅಲ್ಲಿ ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೂ ಬೇಟೆಯುಂಟು. ಫಾರಂನಲ್ಲಿ ಸಾಕಿದ ಹಕ್ಕಿಗಳನ್ನು ತಂದು ಹುಲ್ಲಿಗೆ ಬಿಡುತ್ತಾರೆ. ನಾಯಿಗಳು ಮೂಸಿ ಎಬ್ಬಿಸಿದರೆ ಬೇಟೆಗಾರ ಹೊಡೆಯುತ್ತಾನೆ. ಇದನ್ನೂ ಬೇಟೆ ಎನ್ನಬೇಕಂತೆ!