ಬೆಂಕಿ ಆರಿದರೂ ಉಳಿದ ಅಗ್ಗಿಷ್ಟಿಕೆ

ಬೆಂಕಿಯನ್ನೇ ಹಚ್ಚದ ಅಗ್ಗಿಷ್ಟಿಕೆಗೆ
ಲಂಡನ್ನಿನ ಹಳೆಯ ಮನೆಗಳಲ್ಲಿ ಇವತ್ತಿಗೂ ಯಾಕಿಷ್ಟು ಬೆಲೆ?
ಚಳಿ ಕಾಯಿಸಿಕೊಳ್ಳಲಿಕ್ಕೆ ಅನ್ನಬೇಡಿ.
ಬೆಂಕಿ ಹಚ್ಚಿದರೂ ಅದರ ಶಾಖದಲ್ಲಿ ಬಹುಪಾಲು ಚಿಮಣಿ ಹತ್ತಿ ಹೊರಗೆ ಹೋಗುತ್ತದೆ.
1790ರ ದಶಕದಲ್ಲೇ ವಿಜ್ಞಾನಿ ಕೌಂಟ್ ರಮ್‌ಫರ್ಡ್
ಹೊಗೆದಾರಿ ಕಿರಿದಾಗಿಸಿ, ಪಕ್ಕದ ಗೋಡೆ ಓರೆಯಾಗಿಸಿ
ಆ ದೋಷ ತಿದ್ದಲು ಹೊರಟಿದ್ದ.
1952ರಲ್ಲಿ ಲಂಡನ್ನಿನ ಕಲ್ಲಿದ್ದಲ ಹೊಗೆ ಮಂಜಿನ ಜೊತೆ ಸೇರಿ
ಸಾವಿರಾರು ಜನರ ಜೀವ ತೆಗೆಯಿತು.
1956ರಲ್ಲಿ ಶುದ್ಧ ಗಾಳಿಯ ಕಾಯ್ದೆ ಬಂತು.
ಬರಬರುತ್ತ ಮನೆಮನೆಗೆ ರೇಡಿಯೇಟರ್ ಬಂತು.

ಬೆಂಕಿಯ ಕೆಲಸ ಮುಗಿಯಿತು. ಅಗ್ಗಿಷ್ಟಿಕೆಯ ಆಕರ್ಷಣೆ ಮುಗಿಯಲಿಲ್ಲ.
ಯಾಕೆಂದರೆ ಅದು ಕೋಣೆಗೊಂದು ನಡು ಕೊಡುತ್ತದೆ.
ನಮ್ಮ ತೊಟ್ಟಿಮನೆ ನೆನೆಸಿಕೊಳ್ಳಿ.
ಮಳೆ ಬರದ ದಿನವೂ
ಇಡೀ ಮನೆ ತೊಟ್ಟಿಯ ಸುತ್ತಲೇ ಕೂತಿರುತ್ತದಲ್ಲ, ಹಾಗೆ.

ಇದು ಬರೀ ಹಳೆಯದರ ಮೋಹ ಅನ್ನುವವರಿದ್ದಾರೆ.
ಮೋಹವಿರಬಹುದು. ಆದರೆ ಅಷ್ಟೇ ಅಲ್ಲ.
ಅಗ್ಗಿಷ್ಟಿಕೆಯ ಚೌಕಟ್ಟು, ಅಂದರೆ ಮ್ಯಾಂಟಲ್,
ಅನೇಕ ಕಡೆ ಕೈಯಲ್ಲಿ ಕೆತ್ತಿದ ಅಮೃತಶಿಲೆ, ಇಲ್ಲವೇ ಓಕ್ ಮರ.
ಮನೆ ಕೆಡವಿದರೂ ಅದನ್ನು ಜೋಪಾನವಾಗಿ ಬಿಚ್ಚಿ
ಇನ್ನೊಂದು ಮನೆಗೆ ಕೂರಿಸುತ್ತಾರೆ.
ಹೊಗೆ ಬೇಡ, ನಿಜ.
ಹೊಗೆ ಬಿಟ್ಟು ಚೌಕಟ್ಟು ಉಳಿಸಿಕೊಳ್ಳಬಹುದು.
ನಾಲ್ಕು ಜನ ಒಬ್ಬರಿಗೊಬ್ಬರು ಮುಖ ಕೊಟ್ಟು ಕೂರುವ ಜಾಗ
ಯಾವ ಕಾಲಕ್ಕೂ ಹಳತಾಗುವುದಿಲ್ಲ.