ಅನ್ನದ ಕೆಲಸ, ಅಕ್ಷರದ ಕನಸು

‘ಕವಿತೆ ಬರೆದರೆ ಹೊಟ್ಟೆ ತುಂಬುತ್ತದೆಯೇ?’ ಮಗನೋ ಮಗಳೋ ಸಾಹಿತ್ಯ ಓದುತ್ತೇನೆಂದರೆ ಪಾಲಕರು ಕೇಳುವ ಮೊದಲ ಪ್ರಶ್ನೆ ಇದು. ಅಮೆರಿಕದಲ್ಲೂ ಬರಹವೊಂದನ್ನೇ ನಂಬಿ ಸಂಸಾರ ತೂಗಿಸುವವರು ವಿರಳ.

ನೆಬ್ರಾಸ್ಕದ ಕವಿ ಟೆಡ್ ಕೂಸರ್ ದುಡಿದದ್ದು ವಿಮಾ ಕ್ಷೇತ್ರದಲ್ಲಿ, ಕಂಪನಿಯ ಉಪಾಧ್ಯಕ್ಷರಾಗುವವರೆಗೆ. ಕವಿತೆಗೆ ಸಿಗುತ್ತಿದ್ದುದು ಕಚೇರಿಗೆ ಹೊರಡುವ ಮುಂಚಿನ ಬೆಳಗಿನ ಜಾವ ಮಾತ್ರ. ಬರೆದದ್ದನ್ನು ಕಚೇರಿಯ ಕಾರ್ಯದರ್ಶಿಗೆ ತೋರಿಸುತ್ತಿದ್ದರು. ಆಕೆಗೆ ಅರ್ಥವಾಗದಿದ್ದರೆ ಮತ್ತೆ ತಿದ್ದುತ್ತಿದ್ದರು. 2004ರಲ್ಲಿ ಅವರು ಅಮೆರಿಕದ ರಾಷ್ಟ್ರಕವಿಯಾದರು. ಮರುವರ್ಷವೇ ಪುಲಿಟ್ಜರ್ ಪ್ರಶಸ್ತಿ ಬಂತು.

ಟೋನಿ ಮಾರಿಸನ್ ಪ್ರಕಾಶನ ಸಂಸ್ಥೆಯೊಂದರಲ್ಲಿ ಸಂಪಾದಕಿಯಾಗಿದ್ದರು. ಇಬ್ಬರು ಗಂಡುಮಕ್ಕಳ ಹೊಣೆ ಒಬ್ಬರದೇ. ಮಕ್ಕಳು ಏಳುವ ಮೊದಲೇ ಎದ್ದು ಬರೆಯುತ್ತಿದ್ದರು. ಮೊದಲ ಕಾದಂಬರಿ ಹೊರಬಂದಾಗ ವಯಸ್ಸು 39. ನೊಬೆಲ್ ಬಂದದ್ದು 1993ರಲ್ಲಿ.

1954ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಐದನೇ ವಯಸ್ಸಿಗೆ ಅಮೆರಿಕ ಸೇರಿದ ವಿಜಯ್ ಶೇಷಾದ್ರಿ ಯೌವನದಲ್ಲಿ ಮೀನುಗಾರಿಕೆಯ ಕೆಲಸ ಮಾಡಿದವರು. 2014ರಲ್ಲಿ ಕಾವ್ಯದ ಪುಲಿಟ್ಜರ್ ಅವರ ಪಾಲಾಯಿತು.

ಕೆಲಸ ಇವರ ಬರಹವನ್ನು ಕೊಲ್ಲಲಿಲ್ಲ. ಬರಹ ಕೆಲಸವನ್ನು ಕೆಡಿಸಲಿಲ್ಲ. ಪಾಲಕರೇ, ‘ಮುಂದೆ ಏನು ಕೆಲಸ?’ ಎಂದು ಖಂಡಿತ ಕೇಳಿ. ಆದರೆ ಬೆಳಗಿನ ಜಾವ ಮಕ್ಕಳ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಆರಿಸಬೇಡಿ.