ತರಗತಿಯ ಮಾತು, ಅಂಗಡಿಯ ಮಾತು

"ಇಪ್ಪತ್ಮೂರು ಕಿಲೋ ಮ್ಯಾಲೆ ಬಿಡೂದಿಲ್ಲಂತ, ಯವ್ವಾ."

"ಹಂಗಾರ ಆ ಎರಡು ಅಂಗಿ ತಗದಿಡು. ಹಿಂಡಿ ಮುಟ್ಟಬ್ಯಾಡ."

ಆಗಸ್ಟ್ ಬಂತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಲ್ಲಿ ಮಕ್ಕಳನ್ನು ಹೊರದೇಶಕ್ಕೆ ಓದಲು ಕಳಿಸುವ ಕೆಲವು ಮನೆಗಳ ಪಡಸಾಲೆಯಲ್ಲಿ ಈ ಜಗ್ಗಾಟ ನಡೆಯುತ್ತದೆ. ಕೊಕ್ಕೆ ತಕ್ಕಡಿಗೆ ಸೂಟ್‌ಕೇಸ್ ಜೋತುಬಿದ್ದಿರುತ್ತದೆ. ಒಳಗೆ ಖಡಕ್ ರೊಟ್ಟಿ, ಗುರೆಳ್ಳು ಹಿಂಡಿ, ಶೇಂಗಾ ಹಿಂಡಿ, ಖಾರದ ಪುಡಿ. ಈ ಆಯ್ಕೆಯಲ್ಲಿ ತಾಯಂದಿರು ತಪ್ಪುವುದು ಕಡಿಮೆ. ಒಣಗಿಸಿದ ಜೋಳದ ರೊಟ್ಟಿ ತಿಂಗಳಾದರೂ ಕೆಡದು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಪಕ್ಕದ ಕೋಣೆಯ ಪರದೇಶಿ ಹುಡುಗನೂ ಕಣ್ಣೀರು ಹಾಕದೆ ಒಂದು ತುತ್ತು ತಿನ್ನಬಲ್ಲ. ತೊಡಕಿರುವುದು ತುಪ್ಪದ್ದು. ಐರೋಪ್ಯ ಒಕ್ಕೂಟದ ದೇಶಗಳು ಹೊರಗಿನಿಂದ ಬರುವವರ ಚೀಲದಲ್ಲಿ ಹಾಲಿನ ಪದಾರ್ಥಗಳನ್ನು ಬಿಡುವುದಿಲ್ಲ. ಆಸ್ಟ್ರೇಲಿಯಕ್ಕೆ ಹೋಗುವವರು ತಿನ್ನುವ ಸಾಮಾನನ್ನು ವಿಮಾನದಲ್ಲಿ ಕೊಡುವ ಚೀಟಿಯಲ್ಲಿ ಬರೆದು ತಿಳಿಸಬೇಕು, ಮುಚ್ಚಿಟ್ಟರೆ ದಂಡ. ಇನ್ನು ಒಗ್ಗರಣೆ. ಮೆಣಸಿನಕಾಯಿ ಘಾಟಿಗೆ ಚಾವಣಿಯ ಹೊಗೆಗಂಟೆ ಬಡಿದುಕೊಂಡು ಇಡೀ ಹಾಸ್ಟೆಲ್ ರಾತ್ರಿಯ ಅಂಗಿಯಲ್ಲೇ ಅಂಗಳಕ್ಕಿಳಿಯುವುದು ಆ ಕಡೆ ಹೊಸ ಸಂಗತಿಯೇನಲ್ಲ. ಬಾಣಲೆ ಇಡುವ ಮೊದಲು ಕಿಟಕಿ ತೆಗೆಯುವುದನ್ನು ಮೊದಲ ವಾರವೇ ಕಲಿಯುತ್ತಾರೆ.

ಊಟದ ಚಿಂತೆ ಹೀಗೆ ಇಪ್ಪತ್ಮೂರು ಕಿಲೋದಲ್ಲಿ ಬಗೆಹರಿಯುತ್ತದೆ. ಮಾತಿನ ಚಿಂತೆಯನ್ನು ಯಾರೂ ತಕ್ಕಡಿಗೆ ಹಾಕುವುದಿಲ್ಲ. ಪಾಠ ಇಂಗ್ಲಿಷಿನಲ್ಲಿದೆ, ಐಇಎಲ್‌ಟಿಎಸ್ ಆಗಿದೆ, ಮುಗಿಯಿತು ಎಂದುಕೊಳ್ಳುತ್ತಾರೆ. ಆದರೆ ಬ್ರಿಟನ್, ಅಮೆರಿಕ, ಆಸ್ಟ್ರೇಲಿಯದಂಥ ಕೆಲವೇ ದೇಶಗಳನ್ನು ಬಿಟ್ಟರೆ ತರಗತಿಯ ಮಾತು ಬೇರೆ, ಅಂಗಡಿಯ ಮಾತು ಬೇರೆ. ಒಗ್ಗಿಕೊಳ್ಳುವ ಕೆಲಸ ಬಹುಪಾಲು ನಡೆಯುವುದು ಈ ಎರಡನೆಯದರಲ್ಲಿ.

ಈ ಸೀಮೆಯಿಂದ ಓದಲು ಕಡಲು ದಾಟಿದವರಲ್ಲಿ ಹೆಸರಾದವರು ವಿನಾಯಕ ಕೃಷ್ಣ ಗೋಕಾಕ. ಈಗ ಹಾವೇರಿ ಜಿಲ್ಲೆಗೆ ಸೇರಿರುವ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದವರು. 1936ರಲ್ಲಿ ಆಕ್ಸ್‌ಫರ್ಡ್‌ಗೆ ಹೊರಟಾಗ ಅವರು ಆಗಲೇ ಇಂಗ್ಲಿಷ್ ಕಲಿಸುತ್ತಿದ್ದ ಮೇಷ್ಟರು. ತರಗತಿಯ ಮಾತೂ ಅಂಗಡಿಯ ಮಾತೂ ಅವರಿಗೆ ಒಂದೇ ಆಗಿತ್ತು. ಜೊತೆಗೆ ಹಡಗಿನ ಪ್ರಯಾಣ ವಾರಗಟ್ಟಲೆ. ಊರು ಹಿಂದೆ ಸರಿಯುವುದನ್ನೂ ಹವೆ ಬದಲಾಗುವುದನ್ನೂ ನಿಧಾನವಾಗಿ ಕಾಣಲು ಸಮಯವಿತ್ತು. 'ಸಮುದ್ರ ಗೀತೆಗಳು' ಹುಟ್ಟಿದ್ದು ಅದೇ ಅನುಭವದಿಂದ. ಇವತ್ತಿನ ಹುಡುಗಿ ರಾತ್ರಿ ರಾಣೆಬೆನ್ನೂರಿನಲ್ಲಿ ರೈಲು ಹತ್ತಿ, ಬೆಂಗಳೂರಿನಲ್ಲಿ ವಿಮಾನ ಹಿಡಿದು, ಮಾರನೆಯ ದಿನವೇ ಫ್ರಾಂಕ್‌ಫರ್ಟ್‌ನಲ್ಲಿ ಇಳಿದಿರುತ್ತಾಳೆ. ಮೈ ಮುಟ್ಟಿರುತ್ತದೆ, ಮನಸ್ಸು ಇನ್ನೂ ರೈಲ್ವೆ ಸ್ಟೇಷನ್ನಿನಲ್ಲಿ ಇರುತ್ತದೆ.

ತರಗತಿಯಲ್ಲಿ ಮೊದಲ ಪೆಟ್ಟು ಅಂಕದ್ದು. ಪಿಯುಸಿಯಲ್ಲಿ 92 ತೆಗೆದವರಿಗೆ ಬ್ರಿಟನ್ನಿನಲ್ಲಿ 62 ಬಂದರೆ ಮನೆಗೆ ಫೋನ್ ಮಾಡಲು ನಾಚಿಕೆ. ಅಲ್ಲಿ 70 ದಾಟಿದರೆ ಅದೇ ಮೇಲ್ದರ್ಜೆ. 62 ಎಂದರೆ ಒಳ್ಳೆಯ ಕೆಲಸ ಎಂದೇ ಅರ್ಥ. ಜರ್ಮನಿಯಲ್ಲಿ ಲೆಕ್ಕವೇ ತಿರುಗುಮುರುಗು: 1 ಬಂದವನು ಜಾಣ, 5 ಬಂದವನು ನಪಾಸು. ಅಲ್ಲಿನ ವೇಳಾಪಟ್ಟಿಯಲ್ಲಿ 9ರ ಮುಂದೆ 'ಸಿ.ಟಿ.' ಎಂದಿದ್ದರೆ ಪಾಠ ಶುರುವಾಗುವುದು 9:15ಕ್ಕೆ, 'ಎಸ್.ಟಿ.' ಎಂದಿದ್ದರೆ ಸರಿಯಾಗಿ 9ಕ್ಕೆ. ಭಾನುವಾರ ದಿನಸಿ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಶನಿವಾರ ಸಂಜೆಯೇ ಹಾಲು, ಬ್ರೆಡ್ ತಂದಿಟ್ಟುಕೊಳ್ಳದವರು ಖಡಕ್ ರೊಟ್ಟಿಯ ಬೆಲೆ ತಿಳಿಯುವುದು ಆವತ್ತೇ.

ಎರಡನೆಯ ಪೆಟ್ಟು, ಕರೆಯುವುದು ಹೇಗೆ ಎಂಬುದು. ನಮ್ಮ ಬಾಯಿಗೆ 'ಸರ್' ಅಂಟಿಕೊಂಡಿದೆ. ಬ್ರಿಟನ್ನಿನ ಎಷ್ಟೋ ತರಗತಿಗಳಲ್ಲಿ ಪ್ರಾಧ್ಯಾಪಕರನ್ನು ಬರಿಯ ಹೆಸರಿನಿಂದ ಕರೆಯಬೇಕು. ಅದಕ್ಕೆ ನಾಲಗೆ ಏಳುವುದೇ ಇಲ್ಲ. ರಷ್ಯಾ, ಉಕ್ರೇನ್ ಕಡೆ ಇನ್ನೊಂದು ಪದ್ಧತಿ: ಮೇಷ್ಟರನ್ನು ಅವರ ಹೆಸರು ಮತ್ತು ಅವರ ತಂದೆಯ ಹೆಸರು ಸೇರಿಸಿ ಕರೆಯಬೇಕು. ಇವಾನ್‌ನ ಮಗಳು ನತಾಲಿಯಾ ಆದರೆ ನತಾಲಿಯಾ ಇವಾನೋವ್ನಾ. ಬೆಂಗಳೂರು, ಮೈಸೂರಿನವರಿಗೆ ಇದು ವಿಚಿತ್ರ ಎನಿಸಬಹುದು, ಹಾವೇರಿಯವರಿಗೆ ಹಾಗೆನಿಸಬಾರದು. ತನ್ನ ಹೆಸರು, ನಡುವೆ ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು: ಶಾಲೆಯ ದಾಖಲೆಯಲ್ಲಿ ನಾವು ಬರೆಸುತ್ತ ಬಂದಿರುವುದೂ ಇದೇ ಸಾಲು. ಪಾಸ್‌ಪೋರ್ಟಿನ ಅಡ್ಡಹೆಸರಿನ ಖಾನೆಯ ಮುಂದೆ ದಕ್ಷಿಣದ ಜಿಲ್ಲೆಗಳ ಹುಡುಗರು ಇನಿಷಿಯಲ್ ಹಿಡಿದು ಪೇಚಾಡುವಾಗ ಕಿತ್ತೂರು ಕರ್ನಾಟಕದವರು ಆರಾಮಾಗಿ ತುಂಬಿ ಎದ್ದು ಬರುತ್ತಾರೆ.

ಉಕ್ರೇನ್ ಹೆಸರು ಸುಮ್ಮನೆ ಬಂದದ್ದಲ್ಲ. ಈ ಭಾಗದಿಂದ ವೈದ್ಯಕೀಯ ಓದಲು ಅಲ್ಲಿಗೆ ಹೋದವರಿದ್ದಾರೆ. ಜಿಲ್ಲೆ ಧಾರವಾಡದಿಂದ ಬೇರೆಯಾಗಿದ್ದು 1997ರಲ್ಲಿ, ಹಾವೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ತರಗತಿ ತೆರೆದದ್ದು 2022ರಲ್ಲಿ. ಅಲ್ಲಿಯವರೆಗೆ ಡಾಕ್ಟರಾಗಬೇಕೆಂದರೆ ಹುಬ್ಬಳ್ಳಿ, ದಾವಣಗೆರೆಯ ಕಡೆ ಮುಖ ಮಾಡಬೇಕಿತ್ತು. ಸರ್ಕಾರಿ ಸೀಟು ಕೈತಪ್ಪಿದರೆ ಖಾಸಗಿ ಸೀಟಿನ ಹಣದ ಮುಂದೆ ಪೂರ್ವ ಯುರೋಪಿನ ಆರು ವರ್ಷದ ಖರ್ಚು ಸಣ್ಣದಾಗಿ ಕಾಣುತ್ತಿತ್ತು.

ಉಕ್ರೇನಿನ ಹಾರ್ಕಿವ್‌ನಂಥ ಊರಿನಲ್ಲಿ ಆ ಓದು ಹೇಗಿರುತ್ತಿತ್ತು? ನೂರಾರು ಜನರ ಹಾಲ್ ಅಲ್ಲ. ಹತ್ತು ಹನ್ನೆರಡು ಮಂದಿಯ ಗುಂಪು, ಮೇಷ್ಟರಿಗೆ ಎಲ್ಲರ ಮುಖ ಗೊತ್ತು. ಹಿಂದಿನ ಬೆಂಚು ಎಂಬುದೇ ಇಲ್ಲ. ಒಂದು ದಿನ ತಪ್ಪಿಸಿಕೊಂಡರೆ ಹೆಸರಿನ ಮುಂದೆ 'ಎನ್‌ಬಿ' ಬೀಳುತ್ತದೆ, ರಷ್ಯನ್ನಿನಲ್ಲಿ 'ಇರಲಿಲ್ಲ' ಎಂಬುದರ ಗುರುತು. ಅದನ್ನು ಅಳಿಸಲು ಅದೇ ಪಾಠವನ್ನು ಓದಿಕೊಂಡು ಬೇರೆ ಹೊತ್ತಿನಲ್ಲಿ ಮೇಷ್ಟರ ಮುಂದೆ ಒಪ್ಪಿಸಬೇಕು. ಇದಕ್ಕೆ 'ಅತ್ರಬೋತ್ಕ' ಎನ್ನುತ್ತಾರೆ. ಹುಡುಗರು ಮೊದಲು ಕಲಿಯುವ ರಷ್ಯನ್ ಪದಗಳಲ್ಲಿ ಇದೂ ಒಂದು. ಮೂರನೆಯ ವರ್ಷ ಮುಗಿಯುವಾಗ 'ಕ್ರೋಕ್ 1', ಕೊನೆಯ ವರ್ಷ 'ಕ್ರೋಕ್ 2' ಎಂಬ ರಾಷ್ಟ್ರಮಟ್ಟದ ಪರೀಕ್ಷೆಗಳು. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಸೂರ್ಯ ಮುಳುಗಿ, ಹಾಸ್ಟೆಲಿಗೆ ಬರುವಾಗ ಕತ್ತಲೋ ಕತ್ತಲು. ಹಾವೇರಿ ಬಿಸಿಲಿನಲ್ಲಿ ಬೆಳೆದವರಿಗೆ ಚಳಿಗಿಂತ ಈ ಕತ್ತಲೆಯೇ ಹೆಚ್ಚು ಕಾಡುತ್ತದೆ. ಚಳಿಗೆ ಕೋಟು ಸಿಗುತ್ತದೆ.

ಆದರೂ ಮೊದಲ ಎರಡು ವರ್ಷ ಹೇಗೋ ಸಾಗುತ್ತದೆ, ಏಕೆಂದರೆ ಪಾಠವೆಲ್ಲ ಇಂಗ್ಲಿಷಿನಲ್ಲಿ. ಮೂರನೆಯ ವರ್ಷ ಆಸ್ಪತ್ರೆಯ ವಾರ್ಡಿಗೆ ಹೋಗಿ ನಿಂತಾಗ ಗುಟ್ಟು ರಟ್ಟಾಗುತ್ತದೆ. ಹಾಸಿಗೆಯ ಮೇಲಿನ ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಹಾರ್ಕಿವ್‌ನಲ್ಲಿ ಆಡುಮಾತು ಹೆಚ್ಚಾಗಿ ರಷ್ಯನ್. ಎಲ್ಲಿ ನೋವು, ಎಷ್ಟು ದಿನದಿಂದ, ಉಸಿರು ಎಳೆಯಿರಿ, ಬಿಗಿಹಿಡಿಯಿರಿ: ಇಷ್ಟನ್ನು ಕೇಳಲು ಬಾರದವನ ಕೊರಳಿನ ಸ್ಟೆತೊಸ್ಕೋಪ್ ಬರೀ ಮಾಲೆ. ಅಂಗಡಿಯಲ್ಲಿ ಮಾತಾಡಿ ರೂಢಿಯಿದ್ದವರು ಇಲ್ಲಿ ಗೆಲ್ಲುತ್ತಾರೆ. ಎರಡು ವರ್ಷ ನಮ್ಮವರ ನಡುವೆಯೇ ಉಂಡು, ನಮ್ಮವರೇ ನಡೆಸುವ ಮೆಸ್‌ನಲ್ಲಿ ತಿಂದು, ಬೇಕಾದ್ದನ್ನು ಬೆರಳು ತೋರಿಸಿ ಕೊಂಡವರು ಬೆವರುತ್ತಾರೆ. ಮೆಸ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅನ್ನ ಸಾರು ಸಿಗುವುದು ಭಾಗ್ಯವೇ. ವಾರಕ್ಕೆ ಎರಡು ಸಲವಾದರೂ ಮೊಟ್ಟೆ, ಹಾಲು, ಆಲೂಗಡ್ಡೆಯನ್ನು ಬಾಯಲ್ಲಿ ಕೇಳಿ ತಂದರೆ ಸಾಕು.

2022ರ ಮಾರ್ಚ್ 1ರ ಬೆಳಿಗ್ಗೆ ಹಾರ್ಕಿವ್‌ನಲ್ಲಿ ದಿನಸಿ ತರಲೆಂದು ಹೊರಗೆ ಹೋಗಿದ್ದ ರಾಣೆಬೆನ್ನೂರು ತಾಲ್ಲೂಕು ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ರಷ್ಯಾ-ಉಕ್ರೇನ್ ಯುದ್ಧದಲ್ಲಿ ಸತ್ತ ಮೊದಲ ಭಾರತೀಯ ವಿದ್ಯಾರ್ಥಿ ಅವನು. ಮೃತದೇಹ ಊರು ಮುಟ್ಟಿದ್ದು ಮಾರ್ಚ್ 21ಕ್ಕೆ; ಮನೆಯವರು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ಕೊಟ್ಟರು. ಸುತ್ತಲ ಹಳ್ಳಿಗಳಲ್ಲಿ ಅದುವರೆಗೆ 'ಫಾರಿನ್ನಿಗೆ ಹೋಗ್ಯಾನ' ಎಂಬ ಮಾತಿಗಿದ್ದ ಹೊಳಪು ಅಂದಿನಿಂದ ಬೇರೆಯಾಯಿತು.

'ಆಪರೇಷನ್ ಗಂಗಾ' ಹೆಸರಿನ ತೆರವು ಕಾರ್ಯಾಚರಣೆಯಲ್ಲಿ ಉಕ್ರೇನಿನಿಂದ ಸುಮಾರು 22,500 ಭಾರತೀಯರು ವಾಪಸಾದರು, ಬಹುತೇಕರು ವಿದ್ಯಾರ್ಥಿಗಳು. ಕೆಲವೇ ವಾರಗಳಲ್ಲಿ ಪಾಠ ಮತ್ತೆ ಶುರುವಾಯಿತು, ಫೋನಿನಲ್ಲಿ. ಹಾರ್ಕಿವ್‌ನ ಬೇಸಿಗೆಯ ಬೆಳಗಿನ 9 ಗಂಟೆ ನಮ್ಮಲ್ಲಿ 11:30. ಮಗ ಪಡಸಾಲೆಯಲ್ಲಿ ಕೂತು ಪಾಠ ಕೇಳುತ್ತಾನೆ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು, ಅತ್ತ ಪಾಠ ಹೇಳುತ್ತಿರುವವರು ಎಲ್ಲೋ ಸುರಕ್ಷಿತ ಮೂಲೆ ಹುಡುಕಿ ಕೂತಿರುತ್ತಾರೆ. ಮೇಷ್ಟರೇ ನೆಲೆ ತಪ್ಪಿ, ವಿದ್ಯಾರ್ಥಿ ಮನೆಯಲ್ಲಿರುವ ಇಂಥ ತರಗತಿಯನ್ನು 'ವಿದೇಶಿ ಶಿಕ್ಷಣ' ಎಂದು ಕರೆಯಬಹುದೇ ಎಂಬ ಪ್ರಶ್ನೆ ಎಷ್ಟೋ ತಾಯಿತಂದೆಯರನ್ನು ಕಾಡಿತು.

ಕಾನೂನಿಗೂ ಆ ಪ್ರಶ್ನೆ ಇತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದಂತೆ ಹೊರದೇಶದಲ್ಲಿ ಕನಿಷ್ಠ 54 ತಿಂಗಳು ಇಂಗ್ಲಿಷ್ ಮಾಧ್ಯಮದಲ್ಲಿ ಓದಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳು ಇಂಟರ್ನ್‌ಶಿಪ್ ಮಾಡಬೇಕು, ಇಲ್ಲಿಗೆ ಬಂದು ಮತ್ತೆ 12 ತಿಂಗಳು ಮಾಡಬೇಕು. ಆ ದೇಶದಲ್ಲೂ ವೈದ್ಯನಾಗಿ ಕೆಲಸ ಮಾಡುವ ಅರ್ಹತೆ ಸಿಕ್ಕಿರಬೇಕು. ನಡುವೆ, ಹೊರಗೆ ಓದಿ ಬಂದವರಿಗಿರುವ ಎಫ್‌ಎಂಜಿಇ ಪರೀಕ್ಷೆಯಲ್ಲಿ 300ಕ್ಕೆ 150 ಬರಬೇಕು. ಯುದ್ಧದಲ್ಲಿ ಸಿಕ್ಕಿಕೊಂಡವರಿಗೆ 2022ರ ಸೆಪ್ಟೆಂಬರಿನಲ್ಲಿ ಆಯೋಗ ಒಂದು ದಾರಿ ಬಿಟ್ಟಿತು: ಉಕ್ರೇನಿನ ಕಾಲೇಜಿನ ವಿದ್ಯಾರ್ಥಿಯಾಗಿಯೇ ಇದ್ದುಕೊಂಡು ಬೇರೆ ದೇಶದ ಕಾಲೇಜಿನಲ್ಲಿ ಓದು ಮುಂದುವರಿಸಬಹುದು. ಕೆಲವರು ಜಾರ್ಜಿಯಾಕ್ಕೆ ಹೋದರು, ಕೆಲವರು ಉಜ್ಬೇಕಿಸ್ತಾನ, ಕಜಕಿಸ್ತಾನದ ಕಡೆ. ಒಂದು ಸಲ ಒಗ್ಗಿಕೊಂಡಿದ್ದವರು ಇನ್ನೊಂದು ಸಲ ಮೊದಲಿನಿಂದ ಒಗ್ಗಬೇಕು.

ಇಲ್ಲಿ ಒಂದು ನೋಟ್‌ಬುಕ್ಕಿನ ಉಪಯೋಗ ಹೇಳಬೇಕು. ರಷ್ಯನ್ ಕಲಿಯುವವರು ಅದರ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುವುದುಂಟು. ಕನ್ನಡದಲ್ಲಿ ಬರೆದುಕೊಳ್ಳುವುದು ಲೇಸು. ಹಾಲಿಗೆ ರಷ್ಯನ್ನರು 'ಮೊಲೊಕೊ' ಎಂದು ಬರೆದು 'ಮಲಕೋ' ಎಂದು ಓದುತ್ತಾರೆ. ಒತ್ತಿಲ್ಲದ 'ಒ' ಬಾಯಲ್ಲಿ 'ಅ' ಆಗುತ್ತದೆ. ಇಂಗ್ಲಿಷ್ ಅಕ್ಷರ ಬರಹವನ್ನು ನಕಲು ಮಾಡುತ್ತದೆ, ಕನ್ನಡದಲ್ಲಿ ಕಿವಿಗೆ ಬಿದ್ದದ್ದನ್ನೇ ಇಳಿಸಬಹುದು. 'ಗ್ದ್ಯೇ ಬಲೀತ್' ಎಂದರೆ ಎಲ್ಲಿ ನೋವು. 'ದವ್ನೋ' ಎಂದರೆ ಬಹಳ ದಿನವಾಯಿತೇ. 'ದೀಶಿತೆ', ಉಸಿರಾಡಿ. 'ನೆ ದೀಶಿತೆ', ಉಸಿರು ಹಿಡಿಯಿರಿ. ನಾಲ್ಕು ಸಾಲಿನಲ್ಲಿ ಅರ್ಧ ವಾರ್ಡು ಮುಗಿಯಿತು. ತಾಷ್ಕೆಂಟಿಗೆ ಹೋದವರಿಗೆ ಇದೇ ಪುಟ ಇನ್ನೂ ಸ್ವಲ್ಪ ಕಾಲ ಬಾಳುತ್ತದೆ, ಅಲ್ಲೂ ರಷ್ಯನ್ ಬಲ್ಲವರಿದ್ದಾರೆ.

ಜಾರ್ಜಿಯಾಕ್ಕೆ ಹೋದವರು ಹೊಸ ಪುಟ ತಿರುವಬೇಕು. ಅಲ್ಲಿನ ಲಿಪಿ ಬೇರೆ, 33 ಅಕ್ಷರ. ನೋಡಲು ನಮ್ಮ ಅಕ್ಷರಗಳ ಹಾಗೆ ದುಂಡಗೆ, ಓದಲು ಹೋದರೆ ಒಂದೂ ಗುರುತು ಸಿಗದು. ಎಲ್ಲಿ ನೋವು ಎಂದು ಕೇಳಲು 'ಸಾದ್ ಗ್ಟ್ಕಿವಾತ್' ಎನ್ನಬೇಕು. ಗ, ಟ, ಕ ಮೂರೂ ನಡುವೆ ಸ್ವರವಿಲ್ಲದೆ ಒಂದರ ಮೇಲೊಂದು ಬಿದ್ದಿವೆ. ಒತ್ತಕ್ಷರ ಬರೆದು ರೂಢಿಯಿರುವ ಕೈಗೆ ಅದೇನು ಭಾರವಲ್ಲ. ನಾಲಗೆ ಮಾತ್ರ ಎರಡು ವಾರ ಕೇಳುತ್ತದೆ.